ಮಿರ್ಜಾನದ ಬೆಕ್ಕಿನ ತಟ್ಟೆ: ಬಂದರಿನ ಇಲಿಯಿಂದ ಅಂಗಡಿಯ ಪೊಟ್ಟಣದವರೆಗೆ

"ನಮ್ಮಜ್ಜಿ ಕಾಲದಲ್ಲಿ ಬೆಕ್ಕಿಗೆ ಯಾರು ದುಡ್ಡು ಕೊಟ್ಟು ಊಟ ತರ್ತಿದ್ರು? ಮೀನಿನ ತಲೆ, ಒಂದು ಹಿಡಿ ಅನ್ನ. ಅಷ್ಟರಲ್ಲೇ ಬೆಕ್ಕು ಗುಂಡಗೆ ಇರ್ತಿತ್ತು." ಬೆಕ್ಕಿನ ಊಟದ ಮಾತು ಬಂದಾಗಲೆಲ್ಲ ನಮ್ಮ ಕಡೆ ಹಿರಿಯರು ಹೇಳುವ ಮಾತಿದು. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯಬೇಕಾದರೆ ಮಿರ್ಜಾನದ ಬೆಕ್ಕು ಇಷ್ಟು ಕಾಲ ಏನು ತಿಂದು ಬದುಕಿತು ಎಂದು ನೋಡಬೇಕು. ಇಂದು ಕಡಿಮೆ ಖರ್ಚಿನಲ್ಲಿ ಅದಕ್ಕೆ ಒಳ್ಳೆಯ ಹಸಿ ಊಟ ಹಾಕುವ ದಾರಿಯೂ ಆ ಚರಿತ್ರೆಯಲ್ಲೇ ಇದೆ.

ಅಕ್ಕಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು

ಬೆಕ್ಕನ್ನು ಮನುಷ್ಯ ಹಿಡಿದು ತಂದು ಪಳಗಿಸಿದ ಎನ್ನುವುದಕ್ಕಿಂತ ಬೆಕ್ಕೇ ಮನುಷ್ಯನ ಬಳಿ ಬಂತು ಎನ್ನುವುದು ಹೆಚ್ಚು ಸರಿ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜನ ಬೇಸಾಯ ಮಾಡಿ ಕಾಳು ಕೂಡಿಡಲು ಶುರುಮಾಡಿದರು. ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿಟ್ಟ, ಸುಮಾರು 9,500 ವರ್ಷ ಹಳೆಯ ಬೆಕ್ಕಿನ ಅಸ್ಥಿ ಸಿಕ್ಕಿದೆ. ಆ ದ್ವೀಪಕ್ಕೆ ಬೆಕ್ಕು ತಾನಾಗಿ ಈಜಿ ಹೋಗಿರಲಾರದು. ಯಾರೋ ದೋಣಿಯಲ್ಲಿ ಒಯ್ದಿರಬೇಕು.

ಮುಂದೆ ಬೆಕ್ಕು ದೇಶದಿಂದ ದೇಶಕ್ಕೆ ಹೆಚ್ಚಾಗಿ ಹೋದದ್ದು ವ್ಯಾಪಾರದ ದಾರಿಯಲ್ಲಿ. ಹಡಗಿನ ಹಗ್ಗ ಮತ್ತು ಧಾನ್ಯವನ್ನು ಇಲಿ ಕಡಿಯದಂತೆ ಕಾಯಲು ನಾವಿಕರು ಬೆಕ್ಕು ಸಾಕುತ್ತಿದ್ದರು.

ಮಿರ್ಜಾನವೂ ಅಂಥದ್ದೇ ವ್ಯಾಪಾರದ ಊರು. ಅಘನಾಶಿನಿ ನದಿಯ ಪಕ್ಕದ ಇಲ್ಲಿನ ಜಂಬಿಟ್ಟಿಗೆಯ ಕೋಟೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. 16ನೇ ಶತಮಾನದಲ್ಲಿ ಆಳಿದ ಆಕೆಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಎಲ್ಲರ ನೆನಪಿನಲ್ಲಿ ಉಳಿದದ್ದು ಮೆಣಸು. ಆದರೆ ಕೆನರಾ ಕರಾವಳಿಯಿಂದ ಹಡಗೇರುತ್ತಿದ್ದ ಇನ್ನೊಂದು ದೊಡ್ಡ ಸರಕು ಅಕ್ಕಿ. ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬುತ್ತಿದ್ದದ್ದು ಹೊನ್ನಾವರ, ಬಸ್ರೂರು, ಮಂಗಳೂರು ಕಡೆಯ ಅಕ್ಕಿಯಿಂದ. ಮೆಣಸಿನ ಮೂಟೆ ಇಲಿಗೆ ಬೇಡ, ಅಕ್ಕಿಯ ಮೂಟೆ ಬೇಕು. ಅಕ್ಕಿ ಕೂಡಿಟ್ಟ ಕಡೆಯೆಲ್ಲ ಬೆಕ್ಕಿಗೆ ಕೆಲಸ ಇತ್ತು, ಊಟವೂ ಇತ್ತು.

ತಟ್ಟೆಯಲ್ಲಿ ಕಾಣದ ಅರ್ಧ

ತೆನಾಲಿ ರಾಮನ ಬೆಕ್ಕಿನ ಕತೆ ನಮಗೆಲ್ಲ ಗೊತ್ತು. ಇಲಿಯ ಕಾಟ ಹೆಚ್ಚಾಗಿ ಕೃಷ್ಣದೇವರಾಯ ಮನೆಮನೆಗೂ ಒಂದು ಬೆಕ್ಕು, ಅದರ ಹಾಲಿಗಾಗಿ ಒಂದು ಹಸು ಕೊಟ್ಟನಂತೆ. ಕತೆಯಲ್ಲಿ ಕೂಡ ಬೆಕ್ಕು ಬಂದದ್ದು ಇಲಿಗಾಗಿ. ಹಾಲು ಅದಕ್ಕೆ ಕೊಟ್ಟ ಸಂಬಳ ಅಷ್ಟೇ.

ನಮ್ಮ ಕಡೆಯೂ ಹಾಗೇ ಇತ್ತು. ಹೊಳೆಯಂಚಿನ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಕೊಯ್ಲಾದ ಮೇಲೆ ಅದೇ ಗಜನಿಯಲ್ಲಿ ಮೀನು, ಸಿಗಡಿ. ಭತ್ತದ ಕಣಜದಲ್ಲಿ ಇಲಿ, ಬಲೆಯಲ್ಲಿ ಉಳಿದ ಪುಡಿಮೀನು, ಎರಡೂ ಬೆಕ್ಕಿಗೆ ಸಿಗುತ್ತಿದ್ದವು.

ಮೀನು ತಿನ್ನದ ಮನೆಗಳನ್ನು ನೋಡಿ. ಇದೇ ಕುಮಟಾ, ಹೊನ್ನಾವರ ಸೀಮೆಯ ಹವ್ಯಕರ ಮನೆಗಳಲ್ಲಿ ಬೆಕ್ಕಿಗೆ ಹಾಕುತ್ತಿದ್ದದ್ದು ಹಾಲು, ಅನ್ನ. ಬರೀ ಅದರಿಂದ ಬೆಕ್ಕು ಬದುಕಲಾರದು. ಆದರೂ ಬದುಕಿತು. ಏಕೆಂದರೆ ಅಟ್ಟದಲ್ಲಿ ಇಲಿ, ತೋಟದಲ್ಲಿ ಓತಿ, ಕಪ್ಪೆ ಇದ್ದವು. ನಾವು ಹಾಕಿದ್ದು ಮೇಲೂಟ. ನಿಜವಾದ ಊಟವನ್ನು ಬೆಕ್ಕು ರಾತ್ರಿ ತಾನೇ ಸಂಪಾದಿಸುತ್ತಿತ್ತು. ಅಜ್ಜಿ ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಅರ್ಧ ಇದೇ.

ಈ ಕೆಲಸವನ್ನು ಸರ್ಕಾರಿ ವೈದ್ಯರೂ ಗಮನಿಸಿದ್ದರು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಇಲಿ ಮತ್ತು ಚಿಗಟದ ಮೂಲಕ ದೇಶವೆಲ್ಲ ಹಬ್ಬಿತು. ಬ್ರಿಟಿಷ್ ಆಡಳಿತದ ವೈದ್ಯಾಧಿಕಾರಿ ಬ್ಯೂಕನನ್ ಎಂಬುವರು 1908ರಲ್ಲಿ, ಪ್ಲೇಗು ತಡೆಯಲು ಊರುಗಳಲ್ಲಿ ಬೆಕ್ಕು ಸಾಕಬೇಕೆಂದು ವೈದ್ಯಕೀಯ ಪತ್ರಿಕೆಯಲ್ಲಿ ವಾದಿಸಿದರು. ಬೆಕ್ಕಿಗೂ ಪ್ಲೇಗು ತಗಲುತ್ತದೆ ಎಂದು ಇಂದು ಗೊತ್ತಿದೆ, ಆದ್ದರಿಂದ ಆ ಸಲಹೆಯನ್ನು ಇಡಿಯಾಗಿ ಒಪ್ಪಲಾಗದು.

ಡಬ್ಬಿಗೆ ಬಂದ ಊಟ

ಬೆಕ್ಕಿನ ಊಟ ಮಾರಾಟದ ಸರಕಾದದ್ದು ದೊಡ್ಡ ಪಟ್ಟಣಗಳಲ್ಲಿ. 19ನೇ ಶತಮಾನದ ಲಂಡನ್ನಿನಲ್ಲಿ ಕುದುರೆ ಮಾಂಸದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಬೆಕ್ಕಿಗೆಂದು ಮನೆಮನೆಗೆ ಮಾರುವವರಿದ್ದರು. 1922ರಲ್ಲಿ ಅಮೆರಿಕದಲ್ಲಿ ಕುದುರೆ ಮಾಂಸವನ್ನೇ ಡಬ್ಬಿಯಲ್ಲಿ ತುಂಬಿ ನಾಯಿಗೆಂದು ಮಾರತೊಡಗಿದರು. ಬೆಕ್ಕಿನ ಡಬ್ಬಿಗಳು ಅದರ ಹಿಂದೆಯೇ ಬಂದವು. ಎರಡನೇ ಮಹಾಯುದ್ಧದಲ್ಲಿ ತವರ ಸೈನ್ಯಕ್ಕೆ ಹೋದಾಗ ಡಬ್ಬಿಗೆ ತತ್ವಾರವಾಯಿತು, ಒಣ ಕಾಳಿನಂಥ ಊಟ ಬೆಳೆಯಿತು.

ಕಾರ್ಖಾನೆಯ ಊಟವೂ ಮೊದಲು ಸರಿ ಇರಲಿಲ್ಲ. 1975ರಲ್ಲಿ ವಿಜ್ಞಾನಿಗಳು ಟಾರಿನ್ ಎಂಬ ಅಂಶ ಕಡಿಮೆಯಾದರೆ ಬೆಕ್ಕಿನ ಕಣ್ಣಿನ ಪರದೆ ಹಾಳಾಗುತ್ತದೆ ಎಂದು ತೋರಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು, ಮಾರುಕಟ್ಟೆಯ ಊಟ ತಿಂದ ಬೆಕ್ಕುಗಳಲ್ಲೇ ಟಾರಿನ್ ಕೊರತೆಯಿಂದ ಹೃದಯ ಸಡಿಲವಾಗಿ ಸೋಲುವುದನ್ನು ಕಂಡುಹಿಡಿದರು. ಟಾರಿನ್ ಕೊಟ್ಟರೆ ಅನೇಕ ಬೆಕ್ಕುಗಳ ಹೃದಯ ಚೇತರಿಸಿತು. ಆಮೇಲೆ ಕಂಪನಿಗಳು ಊಟಕ್ಕೆ ಟಾರಿನ್ ಹೆಚ್ಚಿಸಿದವು.

ಟಾರಿನ್ ಇರುವುದು ಮಾಂಸ, ಮೀನುಗಳಲ್ಲಿ. ಅನ್ನದಲ್ಲಿ ಇಲ್ಲ, ಹಾಲಿನಲ್ಲಿ ತೀರಾ ಕಡಿಮೆ. ನಾಯಿ ತನ್ನ ಮೈಯಲ್ಲೇ ಅದನ್ನು ಸಾಕಷ್ಟು ಮಾಡಿಕೊಳ್ಳುತ್ತದೆ, ಬೆಕ್ಕಿಗೆ ಆಗುವುದಿಲ್ಲ. ಇಲಿಯಲ್ಲಿ ಟಾರಿನ್ ಇದೆ, ಎಲುಬಿನ ಸುಣ್ಣ ಇದೆ, ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು ನೀರೂ ಇದೆ. ಬೆಕ್ಕಿಗೆ ಬಾಯಾರಿಕೆ ಕಡಿಮೆ, ನೀರನ್ನು ಊಟದಲ್ಲೇ ಪಡೆಯುವ ಪ್ರಾಣಿ ಅದು. ಹಸಿ ಊಟ ಒಳ್ಳೆಯದು ಎನ್ನುವುದಕ್ಕೆ ಕಾರಣ ಇದೇ.

ನಮ್ಮಲ್ಲಿ ಏನು ಬದಲಾಯಿತು

ಹೆಂಚಿನ ಮನೆ ಹೋಗಿ ತಾರಸಿ ಬಂತು. ಕಣಜ ಹೋಗಿ ಅಂಗಡಿಯ ಅಕ್ಕಿಚೀಲ ಬಂತು. ಇಲಿಗೆ ಪಾಷಾಣ ಇಡುತ್ತೇವೆ, ಅದನ್ನು ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕಿಗೂ ಅಪಾಯ. ಬೆಕ್ಕಿನ ಪಾಲಾಗಿದ್ದ ಪುಡಿಮೀನು ಈಗ ಲಾರಿ ಹತ್ತಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವಾಗ ಮೀನಿನ ಬೆಲೆ ನಮಗೇ ಎಟುಕುವುದಿಲ್ಲ.

ತಟ್ಟೆಯ ಕಾಣದ ಅರ್ಧ ಹೋಯಿತು, ಕಾಣುವ ಅರ್ಧ ಹಾಗೇ ಉಳಿಯಿತು. ಅಜ್ಜಿಯ ಅನ್ನ ಇಂದಿನ ಬೆಕ್ಕಿಗೆ ಸಾಲದಿರುವುದು ಅದಕ್ಕೇ.

ಪೊಟ್ಟಣ ಕೊಳ್ಳುವ ಮೊದಲು

ಸುಮಾರು 4 ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ 200 ಕ್ಯಾಲೊರಿ ಆಸುಪಾಸು ಬೇಕು. 85 ಗ್ರಾಮಿನ ಹಸಿ ಊಟದ ಪೊಟ್ಟಣದಲ್ಲಿ ಸಾಮಾನ್ಯವಾಗಿ 60ರಿಂದ 80 ಇರುತ್ತದೆ. ಅಂದರೆ ಬರೀ ಪೊಟ್ಟಣದಲ್ಲೇ ಸಾಕಲು ದಿನಕ್ಕೆ ಮೂರು ಬೇಕು. ಬೆಲೆಯನ್ನು ಮೂರರಿಂದ, ಮತ್ತೆ ಮೂವತ್ತರಿಂದ ಗುಣಿಸಿ ನೋಡಿ. ಕೂಲಿ ಮಾಡುವ ಮನೆಗೆ ಅದು ಆಗುವ ಮಾತಲ್ಲ.

ಕೊಳ್ಳುವುದಾದರೆ ಎರಡು ವಿಷಯ ನೋಡಿ. ಒಂದು, ಅದು ಸಂಪೂರ್ಣ ಆಹಾರವೋ, ಬರೀ ರುಚಿಗೆ ಕೊಡುವ ತಿಂಡಿಯೋ ಎಂದು ಪೊಟ್ಟಣದ ಹಿಂದೆ ಬರೆದಿರುತ್ತದೆ. ತಿಂಡಿ ಊಟವಾಗುವುದಿಲ್ಲ. ಎರಡು, ಪ್ರೋಟೀನ್ ಅಂಕಿಯನ್ನು ನೀರು ಕಳೆದು ಓದಿ. ಹಸಿ ಪೊಟ್ಟಣದಲ್ಲಿ ಪ್ರೋಟೀನ್ 8, ನೀರು 80 ಎಂದಿದ್ದರೆ, ನೀರಿಲ್ಲದ 20ರಲ್ಲಿ 8, ಅಂದರೆ ನೂರಕ್ಕೆ 40. ಒಣ ಊಟದಲ್ಲಿ ಪ್ರೋಟೀನ್ 30, ನೀರು 10 ಇದ್ದರೆ, 90ರಲ್ಲಿ 30, ಅಂದರೆ ನೂರಕ್ಕೆ 33. 8 ಕಡಿಮೆ, 30 ಹೆಚ್ಚು ಎಂದು ಮೋಸ ಹೋಗಬೇಡಿ.

ಕಡಿಮೆ ಖರ್ಚಿನ ಹಸಿ ಊಟ

ಸಂಪೂರ್ಣ ಎಂದು ಬರೆದ ಒಣ ಊಟ ಅಗ್ಗ, ದಿನಕ್ಕೆ 45ರಿಂದ 50 ಗ್ರಾಂ ಸಾಕು. ಅದಕ್ಕೆ ಅಷ್ಟೇ ಉಗುರುಬೆಚ್ಚಗಿನ ನೀರು ಹಾಕಿ ನೆನೆಸಿದರೆ ಅದೇ ಹಸಿ ಊಟ. ಟಾರಿನ್, ಸುಣ್ಣದ ಚಿಂತೆ ಇಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ನೆನೆದದ್ದು ಬೇಗ ಹಳಸುತ್ತದೆ. ಎರಡು ಮೂರು ಬಾರಿ ಸ್ವಲ್ಪ ಸ್ವಲ್ಪ ಹಾಕಿ, ಉಳಿದದ್ದನ್ನು ಗಂಟೆಯೊಳಗೆ ತೆಗೆಯಿರಿ.

ಮೇಲಕ್ಕೆ ನಮ್ಮ ಹೊಳೆಯದ್ದೇ ಸೇರಲಿ. ಅಘನಾಶಿನಿಯ ಬಳಚಿನಂಥ ಚಿಪ್ಪುಪ್ರಾಣಿಗಳಲ್ಲಿ ಟಾರಿನ್ ಹೇರಳ. ಮರಳು ಹೋಗುವಂತೆ ತೊಳೆದು, ಬೇಯಿಸಿ, ಚಿಪ್ಪು ತೆಗೆದು ಒಂದೆರಡು ಚಮಚ ಹಾಕಿ. ತಾರ್ಲೆಯಂಥ ಸಣ್ಣ ಮೀನಾದರೆ ಮುಳ್ಳು ಮೆತ್ತಗಾಗುವವರೆಗೆ ಕುಕ್ಕರಿನಲ್ಲಿ ಬೇಯಿಸಿ ಕಿವುಚಿ. ಟಾರಿನ್ ನೀರಿನಲ್ಲಿ ಕರಗುವುದರಿಂದ ಬೇಯಿಸಿದ ನೀರನ್ನು ಚೆಲ್ಲದೆ ತಣಿಸಿ, ಅದರಲ್ಲೇ ಒಣ ಊಟ ನೆನೆಸಿ.

ಹಸಿ ಮೀನು ರೂಢಿ ಮಾಡಬೇಡಿ. ಕೆಲವು ಮೀನು, ಚಿಪ್ಪುಗಳಲ್ಲಿ ಬಿ1 ಜೀವಸತ್ವ ಹಾಳುಮಾಡುವ ಅಂಶ ಇದೆ, ಬೇಯಿಸಿದರೆ ಹೋಗುತ್ತದೆ. ಎಣ್ಣೆಮೀನು ಒಂದನ್ನೇ ದಿನವೂ ಹಾಕಿದರೆ ಮೈಯ ಕೊಬ್ಬಿಗೆ ಉರಿಯೂತ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೆಕ್ಕಿನ ರಕ್ತಕಣ ಒಡೆಯುತ್ತದೆ. ಮಳೆಗಾಲಕ್ಕೆಂದು ಇಟ್ಟ ಉಪ್ಪುಮೀನು ಬೇಡ. ಮೀನು ಸಿಗದ ಆ ಎರಡು ತಿಂಗಳು ಬೇಯಿಸಿದ ಮೊಟ್ಟೆಯ ತುಂಡೋ, ಕೋಳಿಯ ತುಂಡೋ ಸಾಕು. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿ ಆಗುತ್ತದೆ.

ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ಬಾರದೆ ಒದ್ದಾಡಿದರೆ ನಾಳೆಗೆ ಮುಂದೂಡಬೇಡಿ, ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಕಟ್ಟಿದ ಮೂತ್ರ ಒಂದೆರಡು ದಿನದಲ್ಲೇ ಜೀವ ತೆಗೆಯಬಹುದು.

ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದೆ. ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿ ಅದು. ಅಳಿವೆ ಚೆನ್ನಾಗಿದ್ದರೆ ಬಳಚು ಆರಿಸುವ ಹೆಂಗಸರ ಒಲೆ ಉರಿಯುತ್ತದೆ, ನಮ್ಮ ತಟ್ಟೆಗೆ ಮೀನು ಬರುತ್ತದೆ. ಬೆಕ್ಕಿನ ಪಾಲು ಅದರ ನಂತರದ್ದು. ನೂರಾರು ವರ್ಷ ನಮ್ಮ ಅಕ್ಕಿ ಕಾದ ಪ್ರಾಣಿಗೆ ಆ ಪಾಲು ದೊಡ್ಡ ಸಂಬಳವೇನಲ್ಲ.