ಸಹಿ ಕಂಪನಿಯದು, ಹೊಣೆ ಯಾರದು?

2005ರ ಜನವರಿ 28ರಂದು ಬೆಂಗಳೂರಿನ ಎರಡು ಕಂಪನಿಗಳು ಒಂದು ಒಪ್ಪಂದ ಮಾಡಿಕೊಂಡವು. ಒಂದು, ಇಸ್ರೋದ ವಾಣಿಜ್ಯ ವ್ಯವಹಾರಕ್ಕೆಂದು 1992ರಲ್ಲಿ ಹುಟ್ಟಿದ, ಪೂರ್ತಿ ಸರ್ಕಾರದ ಒಡೆತನದ ಆಂಟ್ರಿಕ್ಸ್. ಇನ್ನೊಂದು, ಹಿಂದಿನ ತಿಂಗಳಷ್ಟೇ ನೋಂದಣಿಯಾಗಿದ್ದ ದೇವಾಸ್ ಮಲ್ಟಿಮೀಡಿಯಾ. ಇಸ್ರೋ ನಿರ್ಮಿಸಲಿದ್ದ ಎರಡು ಉಪಗ್ರಹಗಳ ಸಾಮರ್ಥ್ಯದಲ್ಲಿ ಶೇ. 90ರಷ್ಟನ್ನು 12 ವರ್ಷಗಳ ಕಾಲ ದೇವಾಸ್‌ಗೆ ಗುತ್ತಿಗೆ ಕೊಡುವುದು ಅದರ ತಿರುಳು. ಜೊತೆಗೆ ಎಸ್-ಬ್ಯಾಂಡ್‌ನ 70 ಮೆಗಾಹರ್ಟ್ಸ್ ತರಂಗಗುಚ್ಛದ ಬಳಕೆಯೂ ಸೇರಿತ್ತು.

ನಾಗಪುರದ ಸಿವಿಲ್ ಲೈನ್ಸ್‌ನಂಥ ಸರ್ಕಾರಿ ವಠಾರದಲ್ಲಿ ಒಂದು ಸಣ್ಣ ಗುತ್ತಿಗೆಯ ಕಡತವೂ ಹಲವು ಮೇಜುಗಳನ್ನು ದಾಟಿಯೇ ಸಹಿಗೆ ಬರುತ್ತದೆ. ಇಲ್ಲಿ ಆದದ್ದು ತಲೆಕೆಳಗು. ಮೊದಲು ಸಹಿ ಬಿತ್ತು. ಅದೇ ವರ್ಷ ಜಿಸ್ಯಾಟ್-6 ಉಪಗ್ರಹಕ್ಕೆ ಸಚಿವ ಸಂಪುಟದ ಒಪ್ಪಿಗೆ ಕೋರಿದ ಟಿಪ್ಪಣಿಯಲ್ಲಿ ದೇವಾಸ್‌ನ ಪ್ರಸ್ತಾಪವೇ ಇರಲಿಲ್ಲ.

2011ರ ಫೆಬ್ರವರಿಯಲ್ಲಿ ಭದ್ರತೆಯ ಕುರಿತ ಸಂಪುಟ ಸಮಿತಿ ಒಪ್ಪಂದದ ರದ್ದತಿಗೆ ತೀರ್ಮಾನಿಸಿತು. ರಕ್ಷಣಾ ಪಡೆಗಳಿಗೆ ಆ ತರಂಗಗುಚ್ಛ ಬೇಕು ಎಂಬುದು ಕಾರಣ. ಆಂಟ್ರಿಕ್ಸ್ ಇದನ್ನು ತನ್ನ ಕೈಮೀರಿದ ಸನ್ನಿವೇಶವೆಂದು ವಾದಿಸಿತು. ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮಧ್ಯಸ್ಥಿಕೆ ನ್ಯಾಯಮಂಡಳಿ ಅದನ್ನು ಒಪ್ಪದೆ, 2015ರಲ್ಲಿ 56.25 ಕೋಟಿ ಡಾಲರ್ ಪರಿಹಾರ ವಿಧಿಸಿತು. ಮಾರಿಷಸ್ ಮತ್ತು ಜರ್ಮನಿಯ ಹೂಡಿಕೆದಾರರು ದ್ವಿಪಕ್ಷೀಯ ಹೂಡಿಕೆ ಒಪ್ಪಂದಗಳ ಆಧಾರದಲ್ಲಿ ನೇರವಾಗಿ ಭಾರತ ಸರ್ಕಾರವನ್ನೇ ಪ್ರತಿವಾದಿಯಾಗಿಸಿದರು. ಕಂಪನಿಯ ಮರೆಯಲ್ಲಿದ್ದ ಸರ್ಕಾರ ಹೀಗೆ ಎದುರಿಗೆ ಬಂದು ನಿಲ್ಲಬೇಕಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ದೇವಾಸ್ ಹುಟ್ಟಿದ್ದೇ ವಂಚನೆಯ ಉದ್ದೇಶದಿಂದ ಎಂದು ಆಂಟ್ರಿಕ್ಸ್ ವಾದಿಸಿತು. 2021ರಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದೇವಾಸ್ ಸಮಾಪನೆಗೆ ಆದೇಶಿಸಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಪರಿಹಾರದ ತೀರ್ಪನ್ನೂ ಬದಿಗೊತ್ತಿತು. ಆದರೂ ವಿದೇಶಿ ನ್ಯಾಯಾಲಯಗಳಲ್ಲಿ ವ್ಯಾಜ್ಯ ಉಳಿಯಿತು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಧಿಕಾರವ್ಯಾಪ್ತಿಯ ಪ್ರಶ್ನೆಯಲ್ಲಿ ದೇವಾಸ್ ಪಕ್ಷಕ್ಕೆ ಅನುಕೂಲವಾಗಿ ನಿರ್ಣಯಿಸಿತು.

ವಂಚನೆಯನ್ನು ನ್ಯಾಯಾಲಯ ಮನ್ನಿಸಬಾರದು, ನಿಜ. ಆದರೆ 2011ರಲ್ಲಿ ಕೊಟ್ಟ ಕಾರಣ ಭದ್ರತೆ, ದಶಕದ ನಂತರ ಕೊಟ್ಟ ಕಾರಣ ವಂಚನೆ. ಆ ನಡುವಣ ಹತ್ತು ವರ್ಷಗಳೇ ನಮಗೆ ದುಬಾರಿಯಾದವು. ಇಂದು ಇಸ್ರೋ ತನ್ನ ಎಸ್‌ಎಸ್‌ಎಲ್‌ವಿ ರಾಕೆಟ್‌ನ ತಂತ್ರಜ್ಞಾನವನ್ನೇ ಎಚ್‌ಎಎಲ್‌ಗೆ ಒಪ್ಪಿಸುತ್ತಿದೆ. ಖಾಸಗಿ ಕಂಪನಿಗಳಿಗೂ ಉಡಾವಣೆಯ ಬಾಗಿಲು ತೆರೆದಿದೆ. ಇಂಥ ಒಪ್ಪಂದಗಳಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಸಹಿಗೆ ಮುಂಚೆಯೇ ಕೇಳಿ, ಉತ್ತರವನ್ನು ಕಡತದಲ್ಲಿ ಬರೆದಿಡುವುದೇ ಸಾರ್ವಜನಿಕ ಆಸ್ತಿಗೂ ಸರ್ಕಾರದ ಮಾತಿಗೂ ಇರುವ ರಕ್ಷೆ.