ಸಮುದಾಯದ ಪಾಲು

ಹೋದ ವರ್ಷ ಒಂದು ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಬೆಂಗಳೂರಿನ ನನ್ನ ರೂಮಲ್ಲಿ ಕೂತು ಲ್ಯಾಪ್‌ಟಾಪಿನ ಒಂದು ಖಾಲಿ ಕಾಲಂ ನೋಡ್ತಾ ಇದ್ದೆ. ಚಳ್ಳಕೆರೆ ತಾಲೂಕಿನ ಕುದಾಪುರದ ಹತ್ತಿರ ನಮ್ಮ ಕಡೆಯದೊಂದು ಸರ್ಕಾರಿ ಶಾಲೆ. ಅಲ್ಲಿಗೆ ವಿಜ್ಞಾನದ ಲ್ಯಾಬು, ಒಂದಿಷ್ಟು ಪುಸ್ತಕ, ಸಂಜೆ ಪಾಠಕ್ಕೆ ಒಬ್ಬರು ಟೀಚರು. ಇಷ್ಟಕ್ಕೆ ಒಂದು ಕಂಪನಿಯ ಸಿಎಸ್‌ಆರ್ ಹಣ ಕೇಳೋಣ ಅಂತ ನಾವು ನಾಲ್ಕು ಜನ ಗೆಳೆಯರು ಸೇರಿ ಅರ್ಜಿ ತಯಾರು ಮಾಡ್ತಿದ್ವಿ. 'ಫಲಾನುಭವಿಗಳು' ಅನ್ನೋ ಕಾಲಂ ಐದು ನಿಮಿಷದಲ್ಲಿ ತುಂಬಿತು. ಬಡತನ, ಬರ, ಗುಳೆ ಇತ್ಯಾದಿ ಪದಗಳು ನಮಗೆ ಸಲೀಸು. ಅದರ ಕೆಳಗಿದ್ದದ್ದು 'ಸಮುದಾಯದ ಪಾಲು'. ಅಂದ್ರೆ, ಈ ಯೋಜನೆಗೆ ಊರಿನವರು ಏನು ಕೊಡ್ತಾರೆ? ನಾನು 'ಇಲ್ಲ' ಅಂತ ಟೈಪ್ ಮಾಡಿ ಮಲಗಿದೆ.

ಮಾರನೇ ದಿನ ಫೋನಲ್ಲಿ ಚಿಕ್ಕಪ್ಪನಿಗೆ ಅರ್ಜಿಯನ್ನು ಓದಿ ಹೇಳಿದೆ. ಆತ ಓದಿದ್ದು ಏಳನೇ ಕ್ಲಾಸು, ಜೀವನವೆಲ್ಲ ಕುರಿ ಕಾಯ್ದವನು. ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣಪ್ಪಾ, ಊರೋರು ಕೊಡೋದು ಏನೂ ಇಲ್ಲ ಅಂತ ಬರ್ದಿದೀಯಾ? ಮತ್ತೆ ಕಾವಲು ಯಾರ ಲೆಕ್ಕಕ್ಕೆ ಹಾಕ್ದೆ?" ಅಂದ.

ಉತ್ತರ ಹೊಳೆಯಲಿಲ್ಲ. ಆ ಭಾನುವಾರದಿಂದ ಈಚೆಗೆ ನಮ್ಮ ಸೀಮೆಗೆ ಯಾರು ಯಾರು ಏನೇನು ಕೊಟ್ಟರು, ಅದಕ್ಕೆ ಬದಲಾಗಿ ಊರು ಏನು ಕೊಟ್ಟಿತು ಅಂತ ಹುಡುಕೋದು ನನಗೊಂದು ಗೀಳೇ ಆಯ್ತು. ಸಿಕ್ಕಿದ್ದರಲ್ಲಿ ಸ್ವಲ್ಪವನ್ನು ಇಲ್ಲಿ ಹಂಚ್ಕೊಳ್ತೀನಿ.

ಚಳ್ಳಕೆರೆಯ ಪಕ್ಕದ ಮೊಳಕಾಲ್ಮೂರು ತಾಲೂಕಿನಿಂದ ಶುರು ಮಾಡೋಣ. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಮೂರು ಜಾಗಗಳಲ್ಲಿ ಅಶೋಕನ ಶಾಸನಗಳಿವೆ. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಸುತ್ತೋಲೆ ಅದು. ತಂದೆತಾಯಿ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿಸಿ, ಸತ್ಯ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ ಅನ್ನೋದು ಅದರ ಸಾರಾಂಶ. ಕೊನೆಗೆ ಬರೆದವನ ಹೆಸರೂ ಇದೆ, ಚಪಡ ಅಂತ. ಅಂದ್ರೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ಸೀಮೆಯ ಬಂಡೆ ಮೇಲೆ ಶಿಕ್ಷಣದ ಬಗ್ಗೆ ಸರ್ಕಾರಿ ಮಾತು ಬಂದಿತ್ತು. ಉಪದೇಶ ಬಂತು, ಅನುದಾನದ ಮಾತು ಆ ಬಂಡೆಯಲ್ಲಿಲ್ಲ. ಈ ಪದ್ಧತಿಯೂ ಹಳೇದೇ ಅನ್ನಿ.

ಅನುದಾನದ ಕಾಗದ ನೋಡಬೇಕಂದ್ರೆ ಆಮೇಲಿನ ಶತಮಾನಗಳ ದಾನಶಾಸನಗಳಿಗೆ ಬರಬೇಕು. ಕರ್ನಾಟಕದಲ್ಲಿ ಅವು ಸಾವಿರಾರು ಸಿಗುತ್ತವೆ. ಓದು ಹೇಳಿಕೊಡುವ ವಿದ್ವಾಂಸರಿಗೆ ಭಟ್ಟವೃತ್ತಿ, ಕೆರೆ ಕಟ್ಟಿಸಿದವನಿಗೆ ಕಟ್ಟುಕೊಡಗೆ, ಕೆರೆಯನ್ನು ನೋಡಿಕೊಳ್ಳೋದಕ್ಕೆ ಬಿತ್ತುವಟ್ಟ. ಇವತ್ತು ನಾವು 'ಶಿಕ್ಷಣ' ಮತ್ತು 'ಗ್ರಾಮೀಣಾಭಿವೃದ್ಧಿ' ಅಂತ ಬೇರೆ ಬೇರೆ ಫೋಲ್ಡರ್ ಮಾಡಿಕೊಂಡಿರೋ ಎರಡೂ ಅಲ್ಲಿವೆ. ಈ ಶಾಸನಗಳಿಗೆ ಒಂದು ಸಿದ್ಧ ನಮೂನೆಯೂ ಇದೆ. ಕೊಟ್ಟವರ ಹೆಸರು, ತಿಥಿ ವಾರ, ಪಡೆದವರ ಹೆಸರು, ಜಮೀನಿನ ನಾಲ್ಕೂ ದಿಕ್ಕಿನ ಗಡಿ, ಸಾಕ್ಷಿಗಳು, ಕಡೆಗೆ ಶಾಪ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರ್ತಾನೆ ಅಂತ. ಈಗಿನ ಒಪ್ಪಂದಗಳಲ್ಲಿ ಹಣ ವಾಪಸ್ ಕೇಳುವ ಷರತ್ತು ಇರುತ್ತಲ್ಲ, ಅದಕ್ಕಿಂತ ಇದೇ ಪರಿಣಾಮಕಾರಿ ಇರಬಹುದು!

ಆ ನಮೂನೆಯಲ್ಲಿ ನಾನು ಗಮನಿಸಿದ್ದು ಗಡಿಯ ಭಾಗ. ಮೂಡಲಿಗೆ ಇಂಥ ಬಂಡೆ, ಪಡುವಲಿಗೆ ಇಂಥ ಹುಣಸೆಮರ ಅಂತ ಬರೆಯಬೇಕಾದರೆ ಊರಿನವರು ನಿಂತು ತೋರಿಸಬೇಕು. ದಾನ ಕೊಡೋನು ರಾಜನೇ ಆಗಿದ್ರೂ, ಎಲ್ಲಿಂದ ಎಲ್ಲಿವರೆಗೆ ಅನ್ನೋದು ಊರಿಗೆ ಗೊತ್ತಾಗದೆ ಕಲ್ಲು ನಿಲ್ತಿರಲಿಲ್ಲ.

ಇನ್ನು ಕುದಾಪುರದ ಸಮೀಪದ ನಾಯಕನಹಟ್ಟಿಗೆ ಬರೋಣ. ಅಲ್ಲಿನ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಹೋಗದವರು ನಮ್ಮ ಕಡೆ ಕಡಿಮೆ. ಸ್ವಾಮಿ ಈ ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದರು ಅನ್ನೋದು ಜನರ ನೆನಪು. ಕೆಲಸ ಮಾಡಿದವರು ಸಂಜೆ ಮರಳಿನ ಗುಡ್ಡೆ ಮುಂದೆ ನಿಂತರೆ, ಅವರವರು ದುಡಿದಷ್ಟು ಕೂಲಿ ಅದರಲ್ಲಿ ಸಿಗ್ತಿತ್ತಂತೆ. 'ಮಾಡಿದಷ್ಟು ನೀಡು ಭಿಕ್ಷೆ' ಅನ್ನೋ ಮಾತು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಮರಳಿನ ಪವಾಡ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಈ ಕಥೆಯಲ್ಲಿ ಊರಿನ ಜನ 'ಫಲಾನುಭವಿ' ಅಲ್ಲ. ಕೆರೆ ಅವರ ದುಡಿಮೆ, ಕೂಲಿ ಅವರ ಹಕ್ಕು. ದಾನ ಅನ್ನೋ ಪದಕ್ಕೆ ನಮ್ಮ ಸೀಮೆ ಕೊಟ್ಟುಕೊಂಡ ಅರ್ಥ ಇದು.

ಇಂಗ್ಲಿಷರ ಕಾಲದ ಕಥೆಗೆ ಬಂದ್ರೆ ಬಿ. ಎಲ್. ರೈಸ್ ಸಿಗ್ತಾರೆ. ಮೇಲೆ ಹೇಳಿದ ಅಶೋಕನ ಶಾಸನಗಳನ್ನು 1892ರಲ್ಲಿ ಪತ್ತೆಹಚ್ಚಿದವರು ಅವರೇ. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಶಾಸನತಜ್ಞರು ಅಂತ ನಮಗೆಲ್ಲ ಗೊತ್ತು. ಅವರ ಅಸಲು ನೌಕರಿ ಮಾತ್ರ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯದು. 1868ರಲ್ಲಿ ಅವರು ಹೋಬಳಿ ಶಾಲೆಗಳ ಯೋಜನೆ ತಯಾರಿಸಿದರು. ಪ್ರತಿ ಹೋಬಳಿಗೂ ಒಂದು ಶಾಲೆ, ಆದರೆ ಒಂದು ಷರತ್ತು: ಶಾಲೆ ಬೇಕು ಅಂತ ಊರಿನವರೇ ಕೇಳಬೇಕು, ಕಟ್ಟಡವನ್ನು ಅವರೇ ಕೊಡಬೇಕು. ನನ್ನ ಅರ್ಜಿಯ 'ಸಮುದಾಯದ ಪಾಲು' ಕಾಲಂ ನೂರೈವತ್ತು ವರ್ಷಗಳಷ್ಟು ಹಳೇದು ಅಂತ ಅವತ್ತು ಗೊತ್ತಾಯ್ತು. ಮೈಸೂರಿನ ಹಳ್ಳಿಗಳಲ್ಲಿ ಸರ್ಕಾರಿ ಶಾಲೆ ಶುರುವಾದದ್ದೇ ಊರು ಕೊಟ್ಟ ಜಾಗದಿಂದ, ಚಾವಡಿಯಿಂದ, ಗುಡಿಯ ಜಗಲಿಯಿಂದ. ಸರ್ಕಾರ ಮೇಷ್ಟ್ರಿಗೆ ಸಂಬಳ ಕೊಟ್ಟಿತು, ಗೋಡೆ ಎಬ್ಬಿಸಿದ್ದು ಊರು. ದಾಖಲೆಯಲ್ಲಿ ಮಾತ್ರ ಅದು 'ಸರ್ಕಾರ ತೆರೆದ ಶಾಲೆ'.

ಹಳ್ಳಿ ಶಾಲೆಯ ಕಥೆ ಇದಾದರೆ, ದೊಡ್ಡ ವಿದ್ಯಾಸಂಸ್ಥೆಯ ಕಥೆಯಲ್ಲೂ ಬೀಜಧನ ಭೂಮಿಯೇ. ಜಮ್‌ಸೆಟ್‌ಜಿ ಟಾಟಾ 1898ರಲ್ಲಿ ವಿಜ್ಞಾನ ಸಂಸ್ಥೆಯೊಂದಕ್ಕೆ 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ದತ್ತಿ ಕೊಡೋದಾಗಿ ಹೇಳಿದರು. ಕೊಡೋನೇ ಬಂದು ಬಾಗಿಲು ತಟ್ಟಿದರೂ ವೈಸರಾಯ್ ಕರ್ಜನ್‌ಗೆ ಅನುಮಾನ. ಇಷ್ಟು ಓದೋಕೆ ಹುಡುಗರು ಸಿಗ್ತಾರಾ, ಓದಿದವರಿಗೆ ಕೆಲಸ ಸಿಗುತ್ತಾ? ಟಾಟಾ 1904ರಲ್ಲಿ ತೀರಿಕೊಂಡರು. 1907ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಜಮೀನು ಕೊಟ್ಟಿತು, ಜೊತೆಗೆ ಹಣವನ್ನೂ ಕೊಟ್ಟಿತು. ಸರ್ಕಾರದ ಆದೇಶ ಬಂದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಮೂರು ತಿಂಗಳಿಂದ ಮೇಲ್‌ಗೆ ರಿಪ್ಲೈ ಬಂದಿಲ್ಲ ಅಂತ ಬೇಜಾರು ಮಾಡ್ಕೊಳ್ಳೋ ನನ್ನಂಥವರು ಈ ಹನ್ನೊಂದು ವರ್ಷದ ಓಡಾಟವನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಅದೇ ಭಾರತೀಯ ವಿಜ್ಞಾನ ಸಂಸ್ಥೆ ಒಂದು ಶತಮಾನದ ನಂತರ ಕುದಾಪುರಕ್ಕೆ ಬಂತು. ಇಲ್ಲಿ ಅದಕ್ಕೆ ಸಿಕ್ಕಿದ್ದು 1500 ಎಕರೆ. ಚಿಕ್ಕಪ್ಪನ 'ಕಾವಲು' ಇದೇ.

ಕಾವಲು ಅಂದ್ರೆ ಏನು ಅಂತ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಹೇಳಬೇಕು. ಮೈಸೂರು ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಅಂತ ಹೆಸರಾಯ್ತು. ಸೈನ್ಯದ ಸಾಮಾನು, ಫಿರಂಗಿ ಎಳೆಯುವ ಎತ್ತುಗಳ ತಳಿ ಅದು. ಆ ದನಗಳು ಮೇಯಲು ಸಂಸ್ಥಾನದ ಉದ್ದಗಲಕ್ಕೂ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಅರಮನೆಯ ದನ ಕಡಿಮೆಯಾದಂತೆ ಸುತ್ತಲ ಊರುಗಳ ಕುರಿ, ಮೇಕೆ, ದನ ಅಲ್ಲಿ ಮೇಯುತ್ತ ಬಂದವು. ಮ್ಯಾಸಬೇಡರ ದೇವರ ಎತ್ತುಗಳು, ಕುರುಬರ ಕುರಿ, ಆ ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ, ಎಲ್ಲಕ್ಕೂ ಬೇಕಾದದ್ದು ಇಂಥ ಹುಲ್ಲು. ಕಾಗದದಲ್ಲಿ ಕಾವಲು ಯಾವತ್ತೂ ಊರಿನದಲ್ಲ, ಅರಮನೆಯದು, ಆಮೇಲೆ ಸರ್ಕಾರದ್ದು. ಬಳಕೆಯಲ್ಲಿ ಊರಿನದೇ. ಚಿಕ್ಕಪ್ಪನ ಪ್ರಶ್ನೆಯ ಕಷ್ಟ ಇರೋದೂ ಇಲ್ಲೇ. ಪಹಣಿಯಲ್ಲಿ ಹೆಸರಿಲ್ಲದವನು ಕೊಟ್ಟದ್ದನ್ನು ಯಾವ ಕಾಲಂನಲ್ಲಿ ಬರೆಯೋದು?

ಚಳ್ಳಕೆರೆಯ ಕಾವಲುಗಳಲ್ಲಿ ವಿಜ್ಞಾನ ಸಂಸ್ಥೆ ಒಂದೇ ಅಲ್ಲ. ಡಿಆರ್‌ಡಿಒಗೆ 4290 ಎಕರೆ ಹೋಯಿತು, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಇಸ್ರೋಗೆ, ಒಂದು ಸೋಲಾರ್ ಕಂಪನಿಗೆ ಹೋಯಿತು. ಗೋಡೆಗಳು ಎದ್ದಮೇಲೆ ಜನ ಪ್ರತಿಭಟಿಸಿದರು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂದಾಗ ಈ ಸಂಶೋಧನಾ ಸಂಸ್ಥೆಗಳಿಗೆ ಕೊಟ್ಟ ಜಮೀನು ರದ್ದಾಗಲಿಲ್ಲ, ಷರತ್ತುಗಳು ಬಂದವು.

ಇನ್ನೊಂದು ಮುಖವನ್ನೂ ಹೇಳಬೇಕು. ಕುದಾಪುರದ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಸಂಸ್ಥೆಯ ಪ್ರತಿಭಾ ಅಭಿವೃದ್ಧಿ ಕೇಂದ್ರ ಇದೆ. ಶಾಲೆ ಕಾಲೇಜುಗಳ ವಿಜ್ಞಾನದ ಮೇಷ್ಟ್ರುಗಳು ಅಲ್ಲೇ ಉಳಿದು, ಲ್ಯಾಬಿನಲ್ಲಿ ಕೈಯಾರೆ ಪ್ರಯೋಗ ಮಾಡಿ ಕಲಿಯುತ್ತಾರೆ. ಪುಸ್ತಕದ ಚಿತ್ರ ತೋರಿಸಿಯೇ ಪಾಠ ಮುಗಿಸುವಂಥ ಶಾಲೆಗಳ ಪಾಲಿಗೆ ಇದು ಸಣ್ಣದಲ್ಲ. ಕಾವಲಿನ ಹುಲ್ಲು ಹೋಗಿ ಪಾಠ ಬಂತು. ಲಾಭನಷ್ಟ ಎಷ್ಟು ಅಂತ ತಕ್ಕಡಿ ಹಿಡಿಯೋ ಧೈರ್ಯ ನನಗಿಲ್ಲ. ಆದರೆ ತಕ್ಕಡಿಗೆ ಎರಡು ತಟ್ಟೆ ಇವೆ ಅಂತಾದರೂ ಒಪ್ಪಿಕೊಳ್ಳಬೇಕಲ್ಲ.

ಈಗ ನಮ್ಮ ಕಾಲದ ಅನುದಾನ, ಅಂದ್ರೆ ನಾನೂ ನೀವೂ ಟೀಶರ್ಟ್ ಹಾಕ್ಕೊಂಡು ಫೋಟೋ ತೆಗೆಸಿಕೊಳ್ಳೋ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ನಿಗದಿತ ಮಿತಿಗಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಖರ್ಚು ಮಾಡಬೇಕು. ಶಿಕ್ಷಣ, ಗ್ರಾಮೀಣಾಭಿವೃದ್ಧಿ ಎರಡೂ ಪಟ್ಟಿಯಲ್ಲಿವೆ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಕಂಪನಿ ತಾನು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ. ನ್ಯಾಯವಾಗೇ ಇದೆ. ಆದರೆ ಕಂಪನಿಗಳು ಇರೋದು ಬೆಂಗಳೂರಿನಲ್ಲಿ. ಕುದಾಪುರದ ಸುತ್ತ ಕಾವಲು ತೆಗೆದುಕೊಂಡವರಲ್ಲಿ ಹೆಚ್ಚಿನವರು ಕಂಪನಿಗಳೇ ಅಲ್ಲ, ಕೇಂದ್ರ ಸರ್ಕಾರದ ಇಲಾಖೆಗಳು, ಸಂಶೋಧನಾ ಸಂಸ್ಥೆಗಳು. ಅವರಿಗೆ ಈ 2 ಪರ್ಸೆಂಟ್ ಲೆಕ್ಕ ಅನ್ವಯಿಸೋದಿಲ್ಲ. ಹಾಗಾಗಿ ಸಾವಿರಾರು ಎಕರೆ ಕಾವಲು ಹೋದ ಊರಿನ ಶಾಲೆ, ದೂರದ ಬೆಂಗಳೂರಿನ ಕಂಪನಿಯೊಂದರ ಮುಂದೆ 'ದಯವಿಟ್ಟು' ಅಂತ ಅರ್ಜಿ ಹಾಕಬೇಕಾಗಿದೆ.

ನಮ್ಮ ಅರ್ಜಿ ಏನಾಯ್ತು ಅಂತ ಹೇಳಿ ಮುಗಿಸ್ತೀನಿ.

ಚಿಕ್ಕಪ್ಪನ ಮಾತು ಕೇಳಿದ ಮೇಲೆ ನಾವು ಊರಿಗೆ ಹೋದ್ವಿ. ಶಾಲೆಯ ಎಸ್‌ಡಿಎಂಸಿ ಸಭೆ ಕರೆಸಿದ್ವಿ. 2001ರಿಂದ ಸರ್ಕಾರಿ ಶಾಲೆಗಳಲ್ಲಿ ಪೋಷಕರ ಈ ಸಮಿತಿ ಇದೆ, ನಾವು ಮಾತ್ರ ಅದುವರೆಗೆ ಅದನ್ನು ಕೇಳಿಯೇ ಇರಲಿಲ್ಲ. ಲ್ಯಾಬು ಬೇಡ ಅಂತ ಯಾರೂ ಹೇಳಲಿಲ್ಲ. ಆದರೆ ಒಬ್ಬ ತಾಯಿ, "ಕುರಿ ಹೊಡ್ಕೊಂಡು ನಾವು ಹೋದಾಗ ಮಕ್ಕಳೂ ಜೊತೆಗೆ ಬರ್ತಾವೆ ಸಾರ್. ಲ್ಯಾಬಿಗೆ ಬರೋರು ಯಾರು?" ಅಂದ್ರು. ಮೇವು ಹುಡುಕಿಕೊಂಡು ಹೋಗುವ ಆ ತಿಂಗಳುಗಳಲ್ಲಿ ಮಕ್ಕಳು ಊರಲ್ಲೇ ಉಳಿಯೋದಕ್ಕೆ ಒಂದು ವ್ಯವಸ್ಥೆ ಆದರೆ ಸಾಕು ಅನ್ನೋದು ಅವರ ಬೇಡಿಕೆ. ಒಬ್ಬರು ಖಾಲಿ ಮನೆ ಕೊಡ್ತೀನಿ ಅಂದ್ರು. ಗಾರೆ ಕೆಲಸದವರು ಇಬ್ಬರು ವಾರಕ್ಕೊಂದು ದಿನ ಬರ್ತೀವಿ ಅಂದ್ರು. ಊರಲ್ಲಿ ಉಳಿಯೋ ಅಜ್ಜಿಯರು ಸರದಿ ಮೇಲೆ ಅಡುಗೆ ಒಪ್ಪಿಕೊಂಡ್ರು. ನಾನು 'ಇಲ್ಲ' ಅಂತ ತುಂಬಿದ್ದ ಕಾಲಂ ಒಂದು ಪುಟ ಆಯ್ತು.

ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: ಈ ಊರಿನವರು ತಲೆಮಾರುಗಳಿಂದ ಕುರಿ ಮೇಯಿಸುತ್ತಿದ್ದ ಹುಲ್ಲುಗಾವಲು ದೇಶದ ವಿಜ್ಞಾನಕ್ಕೆ, ರಕ್ಷಣೆಗೆ ಬಳಕೆಯಾಗಿದೆ. ಗೆಳೆಯನೊಬ್ಬ, "ಇದು ಪೊಲಿಟಿಕಲ್ ಅನ್ಸುತ್ತೆ, ತೆಗಿ ಮಗಾ, ಹಣ ಬೇಕೋ ಬೇಡ್ವೋ?" ಅಂದ. ತೆಗೆದೆ. ರಾತ್ರಿ ನಿದ್ದೆ ಬರಲಿಲ್ಲ, ಎದ್ದು ವಾಪಸ್ ಹಾಕಿದೆ.

ಮೊದಲ ಕಂಪನಿ, ಊರು ತನ್ನ ಆದ್ಯತೆಯ ಪ್ರದೇಶದ ಹೊರಗಿದೆ ಅಂತ ವಾಪಸ್ ಕಳಿಸಿತು. ಎರಡನೇ ಕಡೆ, ಕೇಳಿದ್ದರಲ್ಲಿ ಅರ್ಧ ಸಿಕ್ತು. ಆ ವಾಕ್ಯದ ಬಗ್ಗೆ ಯಾರೂ ಏನೂ ಕೇಳಲಿಲ್ಲ, ಬಹುಶಃ ಓದಲೂ ಇಲ್ಲ. ಖಾಲಿ ಮನೆಗೆ ಸುಣ್ಣ ಬಳಿದಾಗಿದೆ, ಹೋದ ಸಲ ಹನ್ನೊಂದು ಮಕ್ಕಳು ಉಳಿದರು. ಲ್ಯಾಬಿಗೆ ಇನ್ನೂ ಹಣ ಹೊಂದಿಸಬೇಕು.

ನಿಮ್ಮಲ್ಲಿ ಯಾರಾದರೂ ನಿಮ್ಮೂರಿನ ಶಾಲೆಗೆ ಅಂತ ಇಂಥ ಅರ್ಜಿ ತುಂಬೋಕೆ ಕೂತಿದ್ರೆ ನನ್ನದೊಂದೇ ಸಲಹೆ. 'ಫಲಾನುಭವಿಗಳು' ಕಾಲಂ ಆಮೇಲೆ ತುಂಬಿ. ಮೊದಲು ಊರಿಗೆ ಫೋನ್ ಮಾಡಿ, ಅವರು ಈಗಾಗಲೇ ಏನೇನು ಕೊಟ್ಟಿದ್ದಾರೆ ಅಂತ ಕೇಳಿ ಬರ್ಕೊಳ್ಳಿ.