ವಸತಿ ಮೀಸಲು ನಿಯಮ: ಬೆಂಗಳೂರಿನ ಹಳೆ ಬಡಾವಣೆಗಳು

ಹೊಸ ಬಡಾವಣೆ ಅಥವಾ ಅಪಾರ್ಟ್‌ಮೆಂಟಿನ ಒಂದು ಪಾಲನ್ನು ಕಡಿಮೆ ಆದಾಯದವರಿಗೆ ಬಿಡಬೇಕೆಂದು ವಿಧಿಸುವ ನಗರ ಯೋಜನಾ ನಿಯಮ. ಅಮೆರಿಕದ ಮಾಂಟ್ಗೊಮರಿ ಕೌಂಟಿ 1974ರಲ್ಲಿ ಮಾಡಿದ ಕಾನೂನು ಇದರ ಆರಂಭದ ಮಾದರಿಗಳಲ್ಲೊಂದು. ಬೆಂಗಳೂರಿನ ಚರ್ಚೆಯಲ್ಲಿ ಭೂಮಿತಿ ಕಾಯ್ದೆಯ ವಿನಾಯಿತಿ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ನಿವೇಶನಗಳ ಮೀಸಲು, ಖಾಸಗಿ ಬಿಲ್ಡರುಗಳ ಮೇಲಿನ ಷರತ್ತು ಇವು ಮೂರೂ ಒಂದೇ ಎಂಬಂತೆ ಬೆರೆತುಹೋಗುತ್ತವೆ. ಇವನ್ನು ಬಿಡಿಸಿ ನೋಡುವುದು ಅಗತ್ಯ.

ಹಿನ್ನೆಲೆ

ಚಾಮರಾಜಪೇಟೆ 1892ರ ಬಡಾವಣೆ. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿ ಬೆಳೆದವು. ನಿವೇಶನ ಹಂಚುವಾಗ ಜಾತಿ ಲೆಕ್ಕಕ್ಕೆ ಬಂತು. ಸಣ್ಣ ಸಂಬಳದವರಿಗೆ ಇಲ್ಲಿ ನೆಲೆ ಕೊಟ್ಟದ್ದು ಯಾವ ನಿಯಮವೂ ಅಲ್ಲ, ವಠಾರ. ನಡುವೆ ಅಂಗಳ, ಎಲ್ಲರಿಗೂ ಒಂದೇ ನಲ್ಲಿ, ಎದುರುಬದುರು ಸಾಲಾಗಿ ಒಂದೆರಡು ಕೋಣೆಯ ಮನೆಗಳು, ಮೂಲೆಯಲ್ಲಿ ಹಂಚಿಕೊಂಡ ಬಚ್ಚಲು. ಗುಮಾಸ್ತರು, ಅಡಿಗೆಯವರು, ಓದಲು ಬಂದ ಹುಡುಗರು ಬಾಡಿಗೆಗೆ ಇದ್ದದ್ದು ಇಂಥಲ್ಲಿ.

ಮೂರು ಕಟ್ಟಳೆಗಳು

1976ರ ನಗರ ಭೂಮಿತಿ ಕಾಯ್ದೆ ಬೆಂಗಳೂರಿನಲ್ಲಿ ಖಾಲಿ ಜಾಗದ ಮಿತಿಯನ್ನು 1,000 ಚದರ ಮೀಟರಿಗೆ ನಿಲ್ಲಿಸಿತು. ದುರ್ಬಲ ವರ್ಗಕ್ಕೆ ಮನೆ ಕಟ್ಟುವೆನೆಂದ ಮಾಲೀಕ ಹೆಚ್ಚುವರಿ ಜಾಗ ಉಳಿಸಿಕೊಳ್ಳಬಹುದಿತ್ತು. ಅದು ಕಡ್ಡಾಯವಲ್ಲ, ವಿನಾಯಿತಿಗೆ ಕೊಡುವ ಬೆಲೆ. ಕೇಂದ್ರ ಸರ್ಕಾರ ಈ ಕಾಯ್ದೆಯನ್ನು 1999ರಲ್ಲಿ ರದ್ದುಪಡಿಸಿತು. ಬಿಡಿಎಯ 1984ರ ಹಂಚಿಕೆ ನಿಯಮಗಳಲ್ಲಿ ಪರಿಶಿಷ್ಟ ಜಾತಿ, ಪಂಗಡ ಮುಂತಾದವರಿಗೆ ಮೀಸಲಿದೆ. ಆದರೆ ಅದು ಪ್ರಾಧಿಕಾರವೇ ರಚಿಸಿದ ಬಡಾವಣೆಗಳ ನಿವೇಶನಗಳಿಗೆ ಸಂಬಂಧಿಸಿದ್ದು.

ಖಾಸಗಿ ಯೋಜನೆಗಳನ್ನೂ ಒಳಗೊಂಡ ಮಾತು ಸ್ಪಷ್ಟವಾಗಿ ಬಂದದ್ದು ಕೇಂದ್ರ ಸರ್ಕಾರದ 2005ರ ನಗರ ನವೀಕರಣ ಯೋಜನೆಯಾದ ನರ್ಮ್‌ನಲ್ಲಿ. ಅಭಿವೃದ್ಧಿಪಡಿಸಿದ ಭೂಮಿಯ ಕನಿಷ್ಠ ಶೇ. 20ರಿಂದ 25ರಷ್ಟನ್ನು ಬಡವರಿಗೆ ಇಡಬೇಕೆಂಬ ಅಂಶ ಅದರ ಐಚ್ಛಿಕ ಸುಧಾರಣೆಗಳ ಪಟ್ಟಿಯಲ್ಲಿತ್ತು. 2007ರ ರಾಷ್ಟ್ರೀಯ ನಗರ ವಸತಿ ನೀತಿ ಭೂಮಿಯ ಶೇ. 10ರಿಂದ 15 ಅಥವಾ ಕಟ್ಟಡ ವಿಸ್ತೀರ್ಣಾಂಶದ (ಎಫ್‌ಎಆರ್) ಶೇ. 20ರಿಂದ 25, ಇವುಗಳಲ್ಲಿ ಯಾವುದು ಹೆಚ್ಚೋ ಅದು ಎಂದಿತು. ನೀತಿಗೆ ಕಾನೂನಿನ ಬಲವಿಲ್ಲ.

ಹಳೆ ಬಡಾವಣೆಗಳ ತೊಡಕು

ಮಹಾರಾಷ್ಟ್ರ 2013ರಲ್ಲಿ ಇಂಥ ಮೀಸಲನ್ನು ಕಡ್ಡಾಯ ಮಾಡಿದ್ದು 4,000 ಚದರ ಮೀಟರ್ ಮೇಲ್ಪಟ್ಟ ಜಾಗಗಳಿಗೆ. ನಮ್ಮಲ್ಲಿ ಪರಿಚಿತವಾದ 60×40 ಅಡಿ ಸೈಟು ಸುಮಾರು 223 ಚದರ ಮೀಟರ್. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹಳೆ ಮನೆಗಳು ಒಂದೊಂದೇ ಸೈಟಿನ ಲೆಕ್ಕದಲ್ಲಿ ಅಪಾರ್ಟ್‌ಮೆಂಟುಗಳಾಗುತ್ತವೆ. ದೊಡ್ಡ ಯೋಜನೆಗೆಂದು ಹೆಣೆದ ನಿಯಮದ ಬಲೆಗೆ ಅವು ಬೀಳವು. ವಠಾರ ಕೆಡವಿ ನಾಲ್ಕಂತಸ್ತು ಎದ್ದರೆ, ಅಲ್ಲಿದ್ದ ಬಾಡಿಗೆದಾರರಿಗೆ ಅದರಲ್ಲಿ ಒಂದು ಮನೆಯನ್ನಾದರೂ ಉಳಿಸಿಕೊಡುವ ಶಕ್ತಿ ಅಂಥ ನಿಯಮಕ್ಕಿರದು.